ವೇಗದ ದಂಡ ನ್ಯಾಯವೇ? ಮಲೆನಾಡಿನ ರಸ್ತೆಗಳಲ್ಲಿ ಓಡಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊಬೈಲಿಗೆ ದಂಡದ ಮೆಸೇಜ್ ಬಂದಾಗ ಮೊದಲು ಬರುವುದು ಸಿಟ್ಟು. ಆಮೇಲೆ ಪ್ರಶ್ನೆಗಳು. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆ ಬಸ್ ಸ್ಟ್ಯಾಂಡಿನಲ್ಲಿ, ಗ್ಯಾರೇಜಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ನಾನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕಾನೂನು ಏನು ಹೇಳುತ್ತದೆ ಎನ್ನುವುದರ ಜೊತೆಗೆ ನನ್ನ ಅಭಿಪ್ರಾಯವನ್ನೂ ಬರೆದಿದ್ದೇನೆ.

ಸುತ್ತಿ ಬಳಸಿ ಬೇಡ, ನೇರವಾಗಿ ಹೇಳಿ. ವೇಗಕ್ಕೆ ದಂಡ ಹಾಕುವುದು ನ್ಯಾಯವೇ?

ನ್ಯಾಯ. ಮಲೆನಾಡಿನಲ್ಲಂತೂ ಬೇಕೇ ಬೇಕು. ಯಾಕೆಂದರೆ ನಮ್ಮ ರಸ್ತೆಗಳು ಬರೀ ಗಾಡಿ ಓಡಿಸುವ ರಸ್ತೆಗಳಲ್ಲ. ಇಲ್ಲಿ ಫುಟ್‌ಪಾತ್ ಇಲ್ಲ. ಶಾಲೆಗೆ ಹೋಗುವ ಮಕ್ಕಳು, ಡೈರಿಗೆ ಹಾಲು ಕೊಡಲು ಹೋಗುವವರು, ತೋಟದ ಕೆಲಸ ಮುಗಿಸಿ ಮನೆಗೆ ನಡೆಯುವವರು ಎಲ್ಲರೂ ಅದೇ ಡಾಂಬರಿನ ಅಂಚಿನಲ್ಲೇ ನಡೆಯಬೇಕು. ವೇಗದ ಖುಷಿ ಸ್ಟೀರಿಂಗ್ ಹಿಡಿದವನಿಗೆ, ಅಪಾಯ ಅಂಚಿನಲ್ಲಿ ನಡೆಯುವವರಿಗೆ. ಅಪಾಯವನ್ನು ಬೇರೆಯವರ ಮೇಲೆ ಹೊರಿಸುವವನು ಅದಕ್ಕೆ ಬೆಲೆ ಕೊಡಬೇಕು.

ಆದರೆ ದಂಡ ಹಾಕುವವರ ಮೇಲೂ ಹೊಣೆ ಇದೆ. ಎಷ್ಟು ವೇಗದಲ್ಲಿ ಹೋಗಬೇಕು ಎಂದು ಮೊದಲೇ ಕಾಣುವಂತೆ ಬರೆದಿರಬೇಕು. ಅಳೆಯುವ ಯಂತ್ರ ಸರಿ ಇರಬೇಕು. ಸಾಹುಕಾರನಿಗೂ ಕೂಲಿಯವನಿಗೂ, ಖಾಸಗಿ ಗಾಡಿಗೂ ಸರ್ಕಾರಿ ಜೀಪಿಗೂ ಒಂದೇ ನಿಯಮ ಇರಬೇಕು. ಇವು ಇಲ್ಲದ ಕಡೆ ಜನ ಗೊಣಗಿದರೆ ಅದರಲ್ಲಿ ತಪ್ಪಿಲ್ಲ.

ನಾನು ಯಾರಿಗೂ ಗುದ್ದಿಲ್ಲ. ಏನೂ ಆಗದೇ ಇದ್ದಾಗ ದಂಡ ಯಾಕೆ?

ಎಲ್ಲಕ್ಕಿಂತ ಜಾಸ್ತಿ ಜನ ಕೇಳುವ ಪ್ರಶ್ನೆ ಇದು. ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಸಕ್ರೆಬೈಲು ದಾಟಿ ಮಂಡಗದ್ದೆ ಕಡೆ ಹೋಗುತ್ತಿದ್ದೀರಿ ಎಂದುಕೊಳ್ಳಿ. ಮಳೆ ಬಂದು ರಸ್ತೆ ಒದ್ದೆಯಾಗಿದೆ. ತಿರುವಿನ ಆಚೆ ಒಂದು ಹಸು ಅಡ್ಡ ಬಂತು. ಕಣ್ಣು ಅದನ್ನು ನೋಡಿ, ಕಾಲು ಬ್ರೇಕ್ ಒತ್ತಲು ಸುಮಾರು ಒಂದೂವರೆ ಸೆಕೆಂಡ್ ಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅಷ್ಟರೊಳಗೆ ಗಾಡಿ 25 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಹಿಡಿದ ಮೇಲೆ ಒದ್ದೆ ರಸ್ತೆಯಲ್ಲಿ ನಿಲ್ಲಲು ಇನ್ನೂ ಸುಮಾರು 35 ಮೀಟರ್ ಬೇಕು. ಒಟ್ಟು 60 ಮೀಟರ್. ಅದೇ 80ರ ವೇಗದಲ್ಲಿ ಬಂದರೆ ಒಟ್ಟು 95 ಮೀಟರ್ ಹತ್ತಿರ ಬೇಕು.

ಈಗ ಮುಖ್ಯವಾದ ಮಾತು. 60ರಲ್ಲಿ ಬಂದ ಕಾರು ಪೂರ್ತಿ ನಿಂತ ಜಾಗ ಇದೆಯಲ್ಲ, ಅದೇ ಜಾಗದಲ್ಲಿ 80ರಲ್ಲಿ ಬಂದ ಕಾರು ಇನ್ನೂ ಸುಮಾರು 60ರ ವೇಗದಲ್ಲೇ ಇರುತ್ತದೆ. ಬ್ರೇಕ್ ಹಿಡಿದಿದ್ದರೂ ಅಷ್ಟು ವೇಗ! ಅಲ್ಲಿ ಹಸುವಿನ ಬದಲು ಒಂದು ಮಗು ಇದ್ದಿದ್ದರೆ ಏನಾಗುತ್ತಿತ್ತು ಎಂದು ಹೇಳಬೇಕಾಗಿಲ್ಲ.

ಕಾರಿನ ವೇಗ 50ರಿಂದ 65ಕ್ಕೆ ಏರಿದರೆ, ಅದು ಗುದ್ದಿದಾಗ ನಡೆದು ಹೋಗುವವರು ಸಾಯುವ ಸಾಧ್ಯತೆ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸರಾಸರಿ ವೇಗ ನೂರಕ್ಕೆ ಒಂದರಷ್ಟು ಹೆಚ್ಚಾದರೆ ಸಾವಿನ ಅಪಘಾತದ ಅಪಾಯ ನೂರಕ್ಕೆ ನಾಲ್ಕರಷ್ಟು ಹೆಚ್ಚುತ್ತದೆ ಎಂದೂ ಅದೇ ಸಂಸ್ಥೆ ಹೇಳುತ್ತದೆ. ನಿನ್ನೆ ಏನೂ ಆಗಲಿಲ್ಲ ಎಂದರೆ ನಿನ್ನೆ ಆ ತಿರುವಿನಲ್ಲಿ ಯಾರೂ ಇರಲಿಲ್ಲ ಎಂದಷ್ಟೇ ಅರ್ಥ. ಗುದ್ದಿದ ಮೇಲೆ ಹಾಕುವ ದಂಡದಿಂದ ಯಾರ ಜೀವವೂ ವಾಪಸ್ ಬರುವುದಿಲ್ಲ.

ನಾನು ಇಲ್ಲೇ ಹುಟ್ಟಿ ಬೆಳೆದವನು ಮಾರಾಯ್ರೆ, ಈ ರಸ್ತೆಯ ಒಂದೊಂದು ತಿರುವೂ ಗೊತ್ತು. ನನಗೂ ಅದೇ ನಿಯಮವಾ?

ತಿರುವು ನಿಮಗೆ ಗೊತ್ತು, ಒಪ್ಪಿದೆ. ತಿರುವಿನ ಆಚೆ ಈ ಹೊತ್ತು ಏನಿದೆ ಎಂದು ನಿಮಗೂ ಗೊತ್ತಿಲ್ಲ. ಗಾಳಿಗೆ ಮುರಿದು ಬಿದ್ದ ಮರದ ಕೊಂಬೆ ಇರಬಹುದು. ಕತ್ತಲಲ್ಲಿ ರಸ್ತೆ ದಾಟುವ ಕಾಡುಕೋಣ ಇರಬಹುದು. ಕೆಟ್ಟು ನಿಂತ ಅಡಿಕೆ ಲೋಡಿನ ಪಿಕಪ್ ಇರಬಹುದು, ಅದರ ಹಿಂದಿನ ಲೈಟ್ ಉರಿಯದೇ ಇರಬಹುದು. ರಸ್ತೆ ಚೆನ್ನಾಗಿ ಗೊತ್ತಿರುವವರೇ ಎಷ್ಟೋ ಸಲ ಜಾಸ್ತಿ ಓಡಿಸುತ್ತಾರೆ. ಅಭ್ಯಾಸದಿಂದ ಹೆದರಿಕೆ ಹೋಗಿರುತ್ತದೆ, ಅಷ್ಟೇ.

ನಮ್ಮ ಕಡೆ ಎಷ್ಟು ವೇಗದವರೆಗೆ ಹೋಗಬಹುದು?

ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಗರಿಷ್ಠ ಮಿತಿಗಳನ್ನು ಪ್ರಕಟಿಸಿತು. ನಡುವೆ ಡಿವೈಡರ್ ಇರುವ ನಾಲ್ಕು ಲೇನ್ ರಸ್ತೆಯಲ್ಲಿ ಕಾರಿಗೆ 100, ಬೈಕಿಗೆ 80. ಊರೊಳಗೆ ಮತ್ತು ಮಾಮೂಲಿ ಎರಡು ಲೇನ್ ರಸ್ತೆಯಲ್ಲಿ ಕಾರಿಗೆ 70, ಬೈಕಿಗೆ 60, ಬಸ್ಸು ಲಾರಿಗೆ 60. ಮಲೆನಾಡಿನ ಹೆಚ್ಚಿನ ರಸ್ತೆಗಳು ಈ ಎರಡನೇ ಗುಂಪಿಗೇ ಬರುತ್ತವೆ.

ಇವು ಗರಿಷ್ಠ ಮಿತಿಗಳು. ಶಾಲೆ, ಸೇತುವೆ, ಘಾಟಿ, ಪೇಟೆ ಇರುವ ಕಡೆ ರಾಜ್ಯ ಸರ್ಕಾರ ಇದಕ್ಕಿಂತ ಕಡಿಮೆ ಮಿತಿ ಹಾಕಬಹುದು. ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ಆ ಅಧಿಕಾರ ಕೊಟ್ಟಿದೆ, ಆದರೆ ಬೋರ್ಡ್ ನೆಡಬೇಕು ಎಂಬ ಷರತ್ತೂ ಅಲ್ಲೇ ಇದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ 70 ಎಂಬ ಸಂಖ್ಯೆಗೆ ಅರ್ಥವೇ ಇಲ್ಲ. ಅಲ್ಲಿ ಬುದ್ಧಿ ಇರುವವರು 20ರಲ್ಲೇ ಇಳಿಯುತ್ತಾರೆ. ಮಂಜು ಬಿದ್ದ ಹುಲಿಕಲ್ ಘಾಟಿಯಲ್ಲೂ ಅಷ್ಟೇ.

ದಂಡ ಎಷ್ಟು?

1988ರ ಕಾಯ್ದೆಯಲ್ಲಿ ಮೊದಲ ತಪ್ಪಿಗೆ 400 ರೂಪಾಯಿವರೆಗೆ ಇತ್ತು. 2019ರ ತಿದ್ದುಪಡಿ ಅದೇ ವರ್ಷ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಈಗ ಕಾರಿನಂಥ ಲಘು ವಾಹನಗಳಿಗೆ 1000ದಿಂದ 2000, ಬಸ್ಸು ಲಾರಿಗಳಂಥ ಮಧ್ಯಮ ಮತ್ತು ಭಾರಿ ವಾಹನಗಳಿಗೆ 2000ದಿಂದ 4000. ಎರಡನೇ ಸಲ ಸಿಕ್ಕಿಬಿದ್ದರೆ ಲೈಸೆನ್ಸನ್ನೇ ತೆಗೆದುಕೊಳ್ಳಲು ಅವಕಾಶ ಇದೆ. ಇದಲ್ಲದೆ, 130 ಕಿ.ಮೀ. ಮೀರಿ ಓಡಿಸಿದರೆ ಎಫ್‌ಐಆರ್ ಹಾಕುವುದಾಗಿ ಕರ್ನಾಟಕ ಪೊಲೀಸರು 2024ರ ಆಗಸ್ಟ್ 1ರಿಂದ ಶುರು ಮಾಡಿದರು. ಅದು ಬರೀ ದಂಡದಲ್ಲಿ ಮುಗಿಯುವ ವಿಷಯವಲ್ಲ.

ತೋಟದ ಕೂಲಿಯವನಿಗೂ 1000, ಎಸ್ಟೇಟ್ ಮಾಲೀಕನಿಗೂ 1000. ಇದು ಯಾವ ನ್ಯಾಯ?

ಈ ಪ್ರಶ್ನೆಗೆ ಒಳ್ಳೆಯ ಉತ್ತರ ಸರ್ಕಾರದ ಹತ್ತಿರವೂ ಇಲ್ಲ. ದಿನಗೂಲಿ ಮಾಡುವವನಿಗೆ ಸಾವಿರ ರೂಪಾಯಿ ಅಂದರೆ ಎರಡು ದಿನದ ದುಡಿಮೆ. ಆ ವಾರ ಮನೆಗೆ ತರುವ ಸಾಮಾನಿನಲ್ಲಿ ಕಡಿತ ಆಗುತ್ತದೆ. ದೊಡ್ಡ ಕಾರಿನಲ್ಲಿ ಬರುವವರಿಗೆ ಅದು ಒಂದು ಹೊತ್ತಿನ ಹೋಟೆಲ್ ಬಿಲ್. ಒಬ್ಬನಿಗೆ ಶಿಕ್ಷೆ, ಇನ್ನೊಬ್ಬನಿಗೆ ಶುಲ್ಕ.

ಕೆಲವು ದೇಶಗಳು ಇದಕ್ಕೆ ದಾರಿ ಹುಡುಕಿಕೊಂಡಿವೆ. ಫಿನ್‌ಲೆಂಡಿನಲ್ಲಿ ವೇಗದ ಮಿತಿಯನ್ನು ತುಂಬಾ ಮೀರಿದರೆ ದಂಡವನ್ನು ಆ ಮನುಷ್ಯನ ಆದಾಯದ ಮೇಲೆ ಲೆಕ್ಕ ಹಾಕುತ್ತಾರೆ. ತಪ್ಪಿಗೆ ತಕ್ಕಂತೆ ಇಷ್ಟು ದಿನದ ಸಂಪಾದನೆ ಎಂದು ನಿಗದಿ ಮಾಡುತ್ತಾರೆ. 2023ರಲ್ಲಿ ಆ ದೇಶದ ಓಲಂಡ್ ದ್ವೀಪಗಳಲ್ಲಿ ಒಬ್ಬ ಶ್ರೀಮಂತ ಉದ್ಯಮಿ 50 ಕಿ.ಮೀ. ಮಿತಿ ಇದ್ದ ಕಡೆ 82ರಲ್ಲಿ ಹೋಗಿ 1,21,000 ಯೂರೋ ದಂಡ ಕಟ್ಟಬೇಕಾಯಿತು. ನಮ್ಮ ದುಡ್ಡಿನಲ್ಲಿ ಅದು ಒಂದು ಕೋಟಿಗೂ ಮೇಲೆ.

ನಮ್ಮಲ್ಲಿ ಅದನ್ನು ಹಾಗೇ ತರುವುದು ಕಷ್ಟ. ಕೃಷಿ ಆದಾಯಕ್ಕೆ ತೆರಿಗೆ ಲೆಕ್ಕವೇ ಇಲ್ಲ, ಹೆಚ್ಚಿನ ದುಡಿಮೆ ಕೈಯಿಂದ ಕೈಗೆ ಹೋಗುವ ನಗದು. ಹತ್ತು ಎಕರೆ ಅಡಿಕೆ ತೋಟ ಇರುವವರ ಆದಾಯ ಯಾವ ಕಡತದಲ್ಲಿ ಸಿಗುತ್ತದೆ? ಆದರೆ ಇನ್ನೊಂದು ದಾರಿ ನಮ್ಮ ಕಾನೂನಿನಲ್ಲೇ ಇದೆ. ಅದು ಲೈಸೆನ್ಸ್ ಅಮಾನತು. ಬಡವನಿಗೂ ಶ್ರೀಮಂತನಿಗೂ ಮೂರು ತಿಂಗಳು ಅಂದರೆ ಮೂರು ತಿಂಗಳೇ. ಅತಿವೇಗದಂಥ ತಪ್ಪುಗಳಿಗೆ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಿ ಎಂದು ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಹೇಳಿತ್ತು. ಗಾಡಿ ಓಡಿಸಿಯೇ ಹೊಟ್ಟೆ ಹೊರೆಯುವ ಆಟೋದವರಿಗೆ, ಟ್ಯಾಕ್ಸಿಯವರಿಗೆ ಇದು ಬೇರೆಯವರಿಗಿಂತ ಜಾಸ್ತಿ ತಟ್ಟುತ್ತದೆ, ನಿಜ. ಹಾಗಾಗಿ ಮೊದಲ ಸಣ್ಣ ತಪ್ಪಿಗೆ ದಂಡ, ಮತ್ತೆ ಮತ್ತೆ ಮಾಡಿದರೆ ಲೈಸೆನ್ಸ್ ಎನ್ನುವ ಕ್ರಮ ನನಗೆ ಸರಿ ಕಾಣುತ್ತದೆ.

ಬೋರ್ಡೇ ಇಲ್ಲದ ಕಡೆ ಕ್ಯಾಮೆರಾ ಇಟ್ಟು ಹಿಡಿದರೆ?

ಅದು ಅನ್ಯಾಯ. ನಿಯಮಕ್ಕೂ ವಿರುದ್ಧ.

2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಎಂಬ ನಿಯಮ ಸೇರಿತು. ಕ್ಯಾಮೆರಾ, ಸ್ಪೀಡ್ ಗನ್ ಇತ್ಯಾದಿಗಳಿಂದ ದಂಡ ಹಾಕುವುದಕ್ಕೆ ಅದು ಕಟ್ಟುಪಾಡು ಹಾಕಿದೆ. ಕ್ಯಾಮೆರಾ ಇರುವ ಜಾಗಕ್ಕೆ ಮುಂಚೆಯೇ ಎಚ್ಚರಿಕೆ ಫಲಕ ಇರಬೇಕು. ಯಂತ್ರಕ್ಕೆ ಒಪ್ಪಿಗೆ ಪತ್ರ ಇರಬೇಕು, ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ನೋಟಿಸ್ 15 ದಿನದೊಳಗೆ ಕಳಿಸಬೇಕು. ನಂಬರ್ ಪ್ಲೇಟ್ ಕಾಣುವ ಫೋಟೋ, ಯಂತ್ರ ಅಳೆದ ವೇಗ, ದಿನ, ಹೊತ್ತು, ಜಾಗ ಎಲ್ಲವೂ ಚಲನ್‌ನಲ್ಲಿ ಇರಬೇಕು. ಈ ನಿಯಮವನ್ನು ಸರಿಯಾಗಿ ಜಾರಿ ಮಾಡಿ ಎಂದು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ರಾಜ್ಯಗಳಿಗೆ ಹೇಳಿದೆ.

ಫಲಕ ಇಟ್ಟರೆ ಕಳ್ಳನಿಗೆ ಮೊದಲೇ ಹೇಳಿದಂತೆ ಆಗುವುದಿಲ್ಲವಾ ಎಂದು ಕೆಲವರು ಕೇಳುತ್ತಾರೆ. ಹೇಳಲೇಬೇಕು. ನಮಗೆ ಬೇಕಾಗಿರುವುದು ಅಲ್ಲಿ ಗಾಡಿ ನಿಧಾನ ಆಗುವುದು. ಬೋರ್ಡ್ ನೋಡಿ ಎಲ್ಲರೂ ನಿಧಾನ ಮಾಡಿ, ಆ ದಿನ ಒಂದು ರೂಪಾಯಿಯೂ ದಂಡ ಬರಲಿಲ್ಲ ಅಂದರೆ ಆ ಕ್ಯಾಮೆರಾ ತನ್ನ ಕೆಲಸ ಚೆನ್ನಾಗಿ ಮಾಡಿದೆ ಎಂದು ಲೆಕ್ಕ. ಮಳೆಗಾಲದಲ್ಲಿ ಪಾಚಿ ಹಿಡಿದ, ಕಾಡುಬಳ್ಳಿ ಮುಚ್ಚಿದ ಬೋರ್ಡು ಎಷ್ಟಿವೆ ನಮ್ಮಲ್ಲಿ! ಆ ಬೋರ್ಡನ್ನು ವರ್ಷಕ್ಕೆ ಎರಡು ಸಲ ಒರೆಸದ ಇಲಾಖೆ ಅದರ ಹೆಸರಿನಲ್ಲಿ ದಂಡ ಕೇಳಬಾರದು.

ಕ್ಯಾಮೆರಾ, ಸ್ಪೀಡ್ ಗನ್ ಏನೂ ಇಲ್ಲ. "ನೀನು ಜೋರಾಗಿ ಬಂದೆ" ಎಂದು ಒಬ್ಬ ಪೊಲೀಸಿನವರು ಹೇಳಿದರೆ ಸಾಕಾ?

ಸಾಲದು. 183ನೇ ಸೆಕ್ಷನ್ ಪ್ರಕಾರ ಒಬ್ಬ ಸಾಕ್ಷಿಯ ಅಂದಾಜಿನ ಮೇಲಷ್ಟೇ ಅತಿವೇಗದ ಶಿಕ್ಷೆ ಕೊಡುವ ಹಾಗಿಲ್ಲ. ಆ ಅಂದಾಜಿಗೆ ಯಂತ್ರದ ಅಳತೆಯ ಆಧಾರ ಇರಬೇಕು.

ಸರ್ಕಾರಿ ಗಾಡಿ, ಪೊಲೀಸ್ ಜೀಪು ಹಾರಿಸಿಕೊಂಡು ಹೋಗುತ್ತವಲ್ಲ, ಅವರಿಗೆ ಯಾರು ಹಾಕುತ್ತಾರೆ?

ಆಂಬುಲೆನ್ಸ್, ಅಗ್ನಿಶಾಮಕದಂಥವು ತುರ್ತು ಕೆಲಸಕ್ಕೆ ಹೋಗುವಾಗ ಅವುಗಳಿಗೆ ವಿನಾಯಿತಿ ಇದೆ. ಉಳಿದ ಹೊತ್ತಿನಲ್ಲಿ ಯಾರಿಗೂ ಇಲ್ಲ. 2019ರ ತಿದ್ದುಪಡಿಯಲ್ಲಿ ಬಂದ 210ಬಿ ಸೆಕ್ಷನ್ ತುಂಬಾ ಜನರಿಗೆ ಗೊತ್ತಿಲ್ಲ. ಈ ಕಾಯ್ದೆಯನ್ನು ಜಾರಿ ಮಾಡುವ ಅಧಿಕಾರ ಇರುವವರೇ ತಪ್ಪು ಮಾಡಿದರೆ ಅವರಿಗೆ ದಂಡ ಎರಡು ಪಟ್ಟು. ಕಾಗದದ ಮೇಲೆ ಇಷ್ಟು ಚೆನ್ನಾಗಿರುವ ನಿಯಮ ರಸ್ತೆಯಲ್ಲೂ ಕಾಣಬೇಕು. ಒಂದು ಸರ್ಕಾರಿ ಜೀಪಿಗೆ ದಂಡ ಬಿದ್ದ ಸುದ್ದಿ ಊರಲ್ಲಿ ಹರಡಿದರೆ, ನೂರು ಜಾಗೃತಿ ಜಾಥಾಗಳಿಗಿಂತ ಜಾಸ್ತಿ ನಂಬಿಕೆ ಹುಟ್ಟುತ್ತದೆ.

ಮೊದಲು ಗುಂಡಿ ಮುಚ್ಚಲಿ, ಆಮೇಲೆ ದಂಡ ಕೇಳಲಿ. ಸರಿ ಅಲ್ವಾ?

ಗುಂಡಿ ಮುಚ್ಚಲೇಬೇಕು, ಆ ಸಿಟ್ಟು ನನಗೂ ಇದೆ. ರಸ್ತೆ ಕಟ್ಟಿದವರು, ನೋಡಿಕೊಳ್ಳಬೇಕಾದವರು ಗುಣಮಟ್ಟ ಪಾಲಿಸದೆ, ಅದರಿಂದ ಯಾರಾದರೂ ಸತ್ತರೆ ಅಥವಾ ಅಂಗ ಕಳೆದುಕೊಂಡರೆ 198ಎ ಸೆಕ್ಷನ್‌ನಲ್ಲಿ ಒಂದು ಲಕ್ಷದವರೆಗೆ ದಂಡ ಇದೆ. ಒಂದು ಜೀವಕ್ಕೆ ಒಂದು ಲಕ್ಷ ತೀರಾ ಕಡಿಮೆ. ಆ ಸೆಕ್ಷನ್ ಬಳಸಿ ಎಂದು ಕೇಳುವ ಜನ ಹೆಚ್ಚಬೇಕು.

ಆದರೆ ಗುಂಡಿ ಇರುವ ರಸ್ತೆಯಲ್ಲಿ ಇನ್ನೂ ನಿಧಾನ ಹೋಗಬೇಕಲ್ಲವೇ? ಗುಂಡಿ ತಪ್ಪಿಸಲು ಬೈಕಿನವನು ಒಮ್ಮೆಲೇ ಬಲಕ್ಕೆ ಎಳೆಯುತ್ತಾನೆ. ಆಗ ಹಿಂದಿನ ಕಾರು 80ರಲ್ಲಿ ಇದ್ದರೆ ಅವನನ್ನು ಉಳಿಸುವವರು ಯಾರು? ಒಬ್ಬರ ತಪ್ಪು ಇನ್ನೊಬ್ಬರ ತಪ್ಪಿಗೆ ಪರವಾನಗಿ ಆಗುವುದಿಲ್ಲ.

ಇದೆಲ್ಲ ಖಜಾನೆ ತುಂಬಿಸುವ ದಾರಿ ಎನ್ನುತ್ತಾರೆ. ನಿಜವಾ?

ದಂಡದ ದುಡ್ಡು ಸರ್ಕಾರದ ಖಜಾನೆಗೆ ಹೋಗುತ್ತದೆ. ರಸೀದಿ ಇಲ್ಲದೆ ಯಾರಾದರೂ ದುಡ್ಡು ಕೇಳಿದರೆ ಅದು ದಂಡವೇ ಅಲ್ಲ, ಕೊಡಬೇಡಿ. ಜನರ ಅನುಮಾನಕ್ಕೆ ಕಾರಣ ಬೇರೆ ಇದೆ. ಅಪಾಯದ ತಿರುವು ಬಿಟ್ಟು, ಅಗಲವಾದ ನೇರ ರಸ್ತೆಯಲ್ಲಿ, ಇಳಿಜಾರಿನ ಕೊನೆಯಲ್ಲಿ ಪೊಲೀಸರ ವೇಗ ಅಳೆಯುವ ಇಂಟರ್‌ಸೆಪ್ಟರ್ ಗಾಡಿ ನಿಲ್ಲಿಸಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಎಲ್ಲಿ ಜನ ಸತ್ತಿದ್ದಾರೋ, ಎಲ್ಲಿ ಮಕ್ಕಳು ರಸ್ತೆ ದಾಟುತ್ತಾರೋ ಅಲ್ಲಿ ನಿಲ್ಲಿಸಲಿ. ಆನಂದಪುರ, ಆಯನೂರು, ಮಂಡಗದ್ದೆಯಂಥ ಕಡೆ ಹೆದ್ದಾರಿಯೇ ಊರಿನ ಬೀದಿ. ನಿಲ್ಲುವುದಾದರೆ ಅಂಥ ಕಡೆ ನಿಲ್ಲಬೇಕು. ಪ್ರತಿ ವರ್ಷ ಜಿಲ್ಲೆಯಲ್ಲಿ ಎಷ್ಟು ದಂಡ ಬಂತು, ಅದರಿಂದ ಯಾವ ರಸ್ತೆಗೆ ಏನು ಮಾಡಿದರು ಎಂದು ಪಂಚಾಯಿತಿ ಬೋರ್ಡಿನಲ್ಲಿ ಹಾಕಿದರೆ ಈ ಪ್ರಶ್ನೆ ತನ್ನಷ್ಟಕ್ಕೆ ಕಡಿಮೆಯಾಗುತ್ತದೆ.

ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಡುತ್ತಾರಲ್ಲ, ಅದು ಒಳ್ಳೆಯದಾ?

ಕರ್ನಾಟಕದಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ಇ-ಚಲನ್‌ಗಳಿಗೆ ನೂರಕ್ಕೆ 50 ರಿಯಾಯಿತಿ ಕೊಟ್ಟರು. ಜನ ಮುಗಿಬಿದ್ದು ಕಟ್ಟಿದರು. ಆಮೇಲೂ ಅಂಥ ಅವಕಾಶಗಳು ಬಂದವು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಇತ್ತು.

ಬಾಕಿ ವಸೂಲಿಗೆ ಇದು ಸುಲಭದ ದಾರಿ ಇರಬಹುದು. ನ್ಯಾಯದ ದೃಷ್ಟಿಯಿಂದ ನನಗೆ ಒಪ್ಪಿಗೆ ಇಲ್ಲ. ಮೆಸೇಜ್ ಬಂದ ವಾರವೇ ಸಾಲ ಮಾಡಿ ಪೂರ್ತಿ ಕಟ್ಟಿದವನು ಇಲ್ಲಿ ಸೋತ. ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳದೆ ಸುಮ್ನೆ ಇದ್ದವನು ಗೆದ್ದ. ಮುಂದಿನ ಸಲ ಇಬ್ಬರೂ ಕಾಯುತ್ತಾರೆ. ಕಾಯುವ ಅಭ್ಯಾಸ ಬಿದ್ದರೆ ದಂಡದ ಚುರುಕೇ ಹೋಗುತ್ತದೆ. ರಿಯಾಯಿತಿ ಕೊಡಲೇಬೇಕು ಎಂದಿದ್ದರೆ ಬೇಗ ಕಟ್ಟಿದವರಿಗೆ ಕೊಡಲಿ. ಕಷ್ಟದಲ್ಲಿ ಇರುವವರಿಗೆ ಕಂತಿನಲ್ಲಿ ಕಟ್ಟಲು ಬಿಡಲಿ.

ದಂಡದಿಂದ ನಿಜವಾಗಿ ವೇಗ ಕಡಿಮೆ ಆಗುತ್ತಾ?

ದಂಡ ದೊಡ್ಡದಿದ್ದರೆ ಆಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಆದರೆ ನಿಜವಾಗಿ ಆಗುವುದು ಸಿಕ್ಕಿಬೀಳುತ್ತೇನೆ ಎನ್ನುವುದು ಖಚಿತವಾದಾಗ. ವರ್ಷಕ್ಕೊಮ್ಮೆ ಸಿಕ್ಕಿಬಿದ್ದು ಐದು ಸಾವಿರ ಕಟ್ಟುವುದಕ್ಕಿಂತ, ಪ್ರತಿ ಸಲ ಸಿಕ್ಕಿಬಿದ್ದು ಐನೂರು ಕಟ್ಟುವುದು ಮನುಷ್ಯನನ್ನು ಬೇಗ ತಿದ್ದುತ್ತದೆ. ತಪ್ಪು ಮಾಡಿದ ಎರಡು ತಿಂಗಳ ಮೇಲೆ ಮೆಸೇಜ್ ಬಂದರೆ ಯಾವ ದಿನ, ಯಾವ ರಸ್ತೆ ಎಂದೇ ನೆನಪಿರುವುದಿಲ್ಲ.

ಬೆಂಗಳೂರು–ಮೈಸೂರು ಹೆದ್ದಾರಿ ನಮ್ಮ ಕಣ್ಣೆದುರಿಗಿನ ಉದಾಹರಣೆ. 2023ರಲ್ಲಿ ಅಲ್ಲಿ ಸಾವಿನ ಮೇಲೆ ಸಾವು. ಆಮೇಲೆ ಕ್ಯಾಮೆರಾ, ಸ್ಪೀಡ್ ತಪಾಸಣೆ ಬಿಗಿಯಾದವು, ಮರು ವರ್ಷ ಸಾವು ತುಂಬಾ ಇಳಿಯಿತು. ಪೂರ್ತಿ ಶ್ರೇಯಸ್ಸು ದಂಡಕ್ಕೇ ಕೊಡುವ ಹಾಗಿಲ್ಲ. 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಗೆ ಬಿಡುವುದನ್ನೂ ನಿಲ್ಲಿಸಿದ್ದರು. ಮಲೆನಾಡಿನಲ್ಲಿ ಆ ದಾರಿ ಇಲ್ಲ. ನಮಗೆ ಇರುವುದು ಒಂದೇ ರಸ್ತೆ, ಅದರಲ್ಲೇ ಟ್ರ್ಯಾಕ್ಟರೂ ಹೋಗಬೇಕು, ಬಸ್ಸೂ ಹೋಗಬೇಕು.

ದೇಶದಲ್ಲಿ ಹೆಚ್ಚಿನ ಅಪಘಾತಕ್ಕೆ ಅತಿವೇಗವೇ ಕಾರಣ ಎಂಬ ಅಂಕಿ ನಂಬಬಹುದಾ?

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ನೂರಕ್ಕೆ 71ರಷ್ಟು ಅತಿವೇಗದಿಂದ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಸತ್ತವರ ಲೆಕ್ಕ ಎದೆ ನಡುಗಿಸುವಂಥದ್ದು. ಕಾರಣದ ಲೆಕ್ಕವನ್ನು ಮಾತ್ರ ಸ್ವಲ್ಪ ಎಚ್ಚರದಿಂದ ಓದಬೇಕು. ನಮ್ಮ ಎಫ್‌ಐಆರ್‌ಗಳಲ್ಲಿ "ಅತಿವೇಗ ಮತ್ತು ಅಜಾಗರೂಕತೆಯಿಂದ" ಎಂಬ ಸಾಲು ಹೆಚ್ಚು ಕಡಿಮೆ ಎಲ್ಲ ಪ್ರಕರಣಕ್ಕೂ ಬೀಳುತ್ತದೆ. ಕೆಟ್ಟ ತಿರುವು, ಲೈಟಿಲ್ಲದ ಲಾರಿ, ಬೋರ್ಡಿಲ್ಲದ ಕೂಡುರಸ್ತೆ ಎಲ್ಲವೂ ಆ ಸಾಲಿನ ಅಡಿ ಮುಚ್ಚಿಹೋಗುತ್ತವೆ. ವೇಗ ಕೊಲ್ಲುತ್ತದೆ ಎನ್ನುವುದಕ್ಕೆ ಈ ಅಂಕಿಯೇ ಬೇಕಾಗಿಲ್ಲ, ಮೇಲೆ ಹಾಕಿದ ಬ್ರೇಕಿನ ಲೆಕ್ಕವೇ ಸಾಕು. ಆದರೆ ಎಲ್ಲ ತಪ್ಪನ್ನೂ ಡ್ರೈವರ್ ತಲೆಗೆ ಕಟ್ಟಿ ಎಂಜಿನಿಯರನ್ನು ಬಿಟ್ಟುಬಿಡಲು ಈ ಅಂಕಿ ಬಳಕೆಯಾದರೆ ಅದು ತಪ್ಪು.

ಪ್ರೈವೇಟ್ ಬಸ್ಸಿನವರು ಟೈಮಿಂಗ್ ಹೆಸರಿನಲ್ಲಿ ಹಾರಿಸುತ್ತಾರೆ. ದಂಡ ಡ್ರೈವರಿಗೆ ಮಾತ್ರವಾ?

ಈ ಪ್ರಶ್ನೆ ಮಲೆನಾಡಿನವರು ಕೇಳಲೇಬೇಕಾದದ್ದು. ನಮ್ಮಲ್ಲಿ ಎಷ್ಟೋ ಊರುಗಳಿಗೆ ಖಾಸಗಿ ಬಸ್ಸೇ ಗತಿ. ಹಿಂದಿನ ಬಸ್ಸು ಹತ್ತು ನಿಮಿಷದಲ್ಲಿ ಬರುತ್ತದೆ, ಸ್ಟಾಪಿನಲ್ಲಿರುವ ಜನ ಅದಕ್ಕೆ ಹೋಗುತ್ತಾರೆ, ಕಲೆಕ್ಷನ್ ಕಡಿಮೆಯಾದರೆ ಸಂಜೆ ಮಾಲೀಕರಿಗೆ ಉತ್ತರ ಕೊಡಬೇಕು. ಡ್ರೈವರ್ ಕಾಲು ಆಕ್ಸಿಲರೇಟರ್ ಮೇಲೆ ಇದ್ದರೂ ಒತ್ತಡ ಮಾಲೀಕರದ್ದು.

ಕಾನೂನು ಇದನ್ನು ಮೊದಲೇ ಯೋಚಿಸಿದೆ. ತನ್ನ ಕೈಕೆಳಗಿನವರು ಮಿತಿ ಮೀರಿ ಓಡಿಸುವಂತೆ ಮಾಡುವವರೂ 183ನೇ ಸೆಕ್ಷನ್‌ನಲ್ಲಿ ತಪ್ಪಿತಸ್ಥರು. ಅದೇ ಸೆಕ್ಷನ್‌ನ ಕೊನೆಗೆ ಇನ್ನೊಂದು ಮಾತಿದೆ. ವೇಗದ ಮಿತಿ ಮೀರದೆ ಮುಗಿಸಲು ಆಗದಂಥ ಟೈಮ್‌ಟೇಬಲ್ ಹಾಕಿದರೆ, ಅಥವಾ ಇಷ್ಟು ಹೊತ್ತಿಗೆ ಮುಟ್ಟಲೇಬೇಕು ಎಂದು ಹೇಳಿದರೆ, ಆ ಟೈಮ್‌ಟೇಬಲ್ಲೇ ಅವರ ವಿರುದ್ಧ ಮೇಲ್ನೋಟದ ಸಾಕ್ಷ್ಯ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ. ಬಸ್ಸಿನ ಮಿತಿಯೇ 60. ನಡುವೆ ಹತ್ತಾರು ಸ್ಟಾಪು, ತಿರುವು, ಗಾಜನೂರು, ಮಂಡಗದ್ದೆಯಂಥ ಊರುಗಳು. ಒಂದು ಗಂಟೆ ಹತ್ತು ನಿಮಿಷಕ್ಕೆ ಮುಟ್ಟಿಸು ಎಂದು ಯಾರಾದರೂ ಹೇಳಿದರೆ ಅದು ಹೇಗೆ ಸಾಧ್ಯ? ನಿಮ್ಮ ರೂಟಿನ ಟೈಮಿಂಗ್ ತೆಗೆದು ಇದೇ ರೀತಿ ಲೆಕ್ಕ ಹಾಕಿ. ಕೂಡಿ ಬರದಿದ್ದರೆ ಪ್ರಾದೇಶಿಕ ಸಾರಿಗೆ ಕಚೇರಿಗೆ ಬರವಣಿಗೆಯಲ್ಲಿ ಕೊಡಿ. ಡ್ರೈವರಣ್ಣನ ಸಂಬಳದಿಂದ ದಂಡ ಮುರಿದುಕೊಂಡು, ಟೈಮಿಂಗ್ ಹಾಗೇ ಬಿಟ್ಟರೆ ಅದು ನ್ಯಾಯ ಅಲ್ಲವೇ ಅಲ್ಲ.

ಬೆಂಗಳೂರಿನಿಂದ ಬರುವ ಪ್ರವಾಸಿಗಳನ್ನು ಹಿಡಿಯಲಿ, ನಮ್ಮನ್ನು ಯಾಕೆ?

ಇಬ್ಬರನ್ನೂ ಹಿಡಿಯಲಿ. ಮಳೆಗಾಲದ ಶನಿವಾರ, ಭಾನುವಾರ ಜೋಗ, ಆಗುಂಬೆ ಕಡೆ ಬರುವ ಗಾಡಿಗಳ ಓಟ ನೋಡಿದರೆ ಹೆದರಿಕೆಯಾಗುವುದು ನಿಜ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ, ಹಿನ್ನೀರು ದಾಟಿಸುವ ಲಾಂಚಿಗೆ ಕಾದು ಹೋಗುತ್ತಿದ್ದ ಗಾಡಿಗಳು ಈಗ ನಿಲ್ಲದೆ ತುಮರಿ ಕಡೆಯ ಸಣ್ಣ ರಸ್ತೆಗೆ ನುಗ್ಗುತ್ತವೆ. ಅಲ್ಲಿನ ಜನಕ್ಕೆ ಇಷ್ಟು ಗಾಡಿ ನೋಡಿ ಅಭ್ಯಾಸವಿಲ್ಲ. ಅಲ್ಲಿ ಬೋರ್ಡು, ತಪಾಸಣೆ ಎರಡೂ ಬೇಗ ಬರಬೇಕು. ಆದರೆ ಕ್ಯಾಮೆರಾಕ್ಕೆ ನಂಬರ್ ಪ್ಲೇಟಿನಲ್ಲಿ ಕೆಎ 14 ಇದೆಯೋ ಕೆಎ 01 ಇದೆಯೋ ಎಂಬ ಭೇದ ಇರಬಾರದು.

ಮನೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಮಿತಿ ಮೀರಿದರೆ?

ಹೊಸನಗರದ ಒಳಗಿನ ಹಳ್ಳಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರುವುದು ಎಷ್ಟು ಕಷ್ಟ ಎಂದು ಬಂದವರಿಗೇ ಗೊತ್ತು. ನೆಟ್‌ವರ್ಕ್ ಸಿಗದೆ 108ಕ್ಕೆ ಫೋನ್ ಹೋಗುವುದಿಲ್ಲ. ಹೋದರೂ ಆಂಬುಲೆನ್ಸ್ ದೂರದಿಂದ ಬರಬೇಕು. ಹಾವು ಕಚ್ಚಿದವರನ್ನು, ಹೆರಿಗೆ ನೋವಿನವರನ್ನು ಪಕ್ಕದ ಮನೆಯವರ ಜೀಪಿನಲ್ಲೇ ತರುತ್ತಾರೆ.

ಕಾನೂನಿನ ವಿನಾಯಿತಿ ಖಾಸಗಿ ಗಾಡಿಗೆ ಇಲ್ಲ. ಕ್ಯಾಮೆರಾಕ್ಕೆ ಒಳಗೆ ಯಾರು ಮಲಗಿದ್ದಾರೆ ಎಂದು ಕಾಣುವುದಿಲ್ಲ. ಇಲ್ಲಿ ಮನುಷ್ಯರ ವಿವೇಚನೆ ಬೇಕು. ಆಸ್ಪತ್ರೆಯ ಚೀಟಿ, ಒಳರೋಗಿಯಾಗಿ ಸೇರಿಸಿದ ದಿನ ಮತ್ತು ಹೊತ್ತು ಇರುವ ದಾಖಲೆ ಇಟ್ಟುಕೊಳ್ಳಿ. ಚಲನ್ ಬಂದರೆ ಕಟ್ಟುವ ಮುಂಚೆ ಸಂಚಾರ ಠಾಣೆಗೆ ಬರೆದು ಕೊಡಿ. ಅಲ್ಲಿ ಆಗದಿದ್ದರೆ ನ್ಯಾಯಾಲಯದಲ್ಲಿ ಹೇಳಿಕೊಳ್ಳಬಹುದು. ಇಂಥ ಪ್ರಕರಣ ಕೈಬಿಡಲು ಸ್ಪಷ್ಟವಾದ ಕ್ರಮ ಇರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಅದರ ಜೊತೆಗೆ ಒಂದು ಮಾತು: ಗಾಬರಿಯಲ್ಲಿ ಓಡಿಸಿ ದಾರಿಯಲ್ಲೇ ಬಿದ್ದರೆ ಒಳಗಿದ್ದ ರೋಗಿಯ ಜೊತೆ ಇನ್ನಷ್ಟು ಜನ ರೋಗಿಗಳಾಗುತ್ತಾರೆ.

ಗಾಡಿ ನನ್ನದು, ಓಡಿಸಿದ್ದು ತಮ್ಮ. ದಂಡ ಯಾರಿಗೆ?

ಮೆಸೇಜ್ ಮಾಲೀಕರ ಮೊಬೈಲಿಗೇ ಬರುತ್ತದೆ. ಓಡಿಸಿದ್ದು ಯಾರು ಎಂದು ಕೇಳಿದರೆ ಹೇಳುವುದು ಮಾಲೀಕರ ಕರ್ತವ್ಯ. ಓಡಿಸಿದ್ದು 18 ತುಂಬದ ಮಗ ಅಥವಾ ಮಗಳಾದರೆ ವಿಷಯ ಬೇರೆಯೇ. 199ಎ ಸೆಕ್ಷನ್‌ನಲ್ಲಿ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಟ್ಯೂಷನ್‌ಗೆ ಹೋಗಲಿ ಎಂದು ಸ್ಕೂಟರ್ ಕೀ ಕೊಡುವ ಮುಂಚೆ ಇದನ್ನು ಮನೆಯಲ್ಲಿ ಮಾತಾಡಿ.

ದಂಡದ ಬದಲು ಹಂಪ್ ಹಾಕಿದರೆ ಸಾಕಲ್ಲ?

ನಮ್ಮಲ್ಲಿ ಒಂದು ಸಾವಾದ ಮಾರನೇ ದಿನ ಊರವರು ರಸ್ತೆಗೆ ಕೂತು ಹಂಪ್ ಹಾಕಿಸುತ್ತಾರೆ. ಅವರ ನೋವು ಅರ್ಥವಾಗುತ್ತದೆ. ಆದರೆ ಬಣ್ಣ ಇಲ್ಲದ, ಬೋರ್ಡ್ ಇಲ್ಲದ, ಎತ್ತರದ ಹಂಪ್ ರಾತ್ರಿ ಬರುವ ಬೈಕಿನವರನ್ನು ಬೀಳಿಸುತ್ತದೆ. ಆಂಬುಲೆನ್ಸಿನಲ್ಲಿ ಮಲಗಿದವರ ಬೆನ್ನು ಮುರಿಯುತ್ತದೆ. ಅಳತೆ ಪ್ರಕಾರ, ಬಿಳಿ ಪಟ್ಟೆ ಹೊಡೆದು, ಮುಂಚೆ ಸೂಚನೆ ಕೊಟ್ಟು ಊರೊಳಗಿನ ರಸ್ತೆಗೆ ಹಾಕಿದರೆ ಒಳ್ಳೆಯದೇ. ಗಾಡಿಗಳೂ ಜನರೂ ಸೇರಿಯೇ ಓಡಾಡುವ ಕಡೆ ವೇಗ 30 ಮೀರಬಾರದು ಎಂದು 2020ರ ಸ್ಟಾಕ್‌ಹೋಮ್ ಘೋಷಣೆಯಲ್ಲಿ ಹೇಳಿದ್ದಾರೆ. ನಮ್ಮ ಪೇಟೆ ರಸ್ತೆಗಳಿಗೆ ಅದು ಸರಿಯಾದ ಅಳತೆ.

ಚಲನ್ ತಪ್ಪು ಅನಿಸಿದರೆ ಏನು ಮಾಡಬೇಕು?

ಮೊದಲು ಅದು ಅಸಲಿಯೇ ನೋಡಿ. ವಾಟ್ಸಾಪಿನಲ್ಲಿ ಚಲನ್ ಹೆಸರಿನ ಎಪಿಕೆ ಫೈಲ್ (ಮೊಬೈಲಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಒತ್ತಲೇಬೇಡಿ. ಅದು ಬ್ಯಾಂಕ್ ಖಾತೆ ಖಾಲಿ ಮಾಡುವ ಮೋಸ. ಪರಿವಾಹನ್ ಇ-ಚಲನ್ ವೆಬ್‌ಸೈಟಿನಲ್ಲಿ ಅಥವಾ ಹತ್ತಿರದ ಸಂಚಾರ ಠಾಣೆಯಲ್ಲಿ ಗಾಡಿ ನಂಬರ್ ಕೊಟ್ಟು ನೋಡಿ.

ಅಸಲಿ ಆದರೆ ಫೋಟೋ ನೋಡಿ. ಗಾಡಿ ನಿಮ್ಮದೇ? ವೇಗ, ಜಾಗ, ಹೊತ್ತು ಹೊಂದುತ್ತವೆಯೇ? ನೋಟಿಸ್ ಎಷ್ಟು ದಿನಕ್ಕೆ ಬಂತು? ತಕರಾರು ಇದ್ದರೆ ದುಡ್ಡು ಕಟ್ಟಬೇಡಿ, ಕಟ್ಟಿದರೆ ಒಪ್ಪಿಕೊಂಡಂತೆ. ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಪ್ರಕರಣ ನ್ಯಾಯಾಲಯಕ್ಕೆ ಹೋದರೆ ಯಂತ್ರದ ಒಪ್ಪಿಗೆ ಪತ್ರ ಮತ್ತು ಎಚ್ಚರಿಕೆ ಫಲಕದ ದಾಖಲೆ ಕೇಳುವ ಹಕ್ಕು ನಿಮಗಿದೆ. ಒಂದು ದಿನದ ಕೆಲಸ ಬಿಟ್ಟು ಕೋರ್ಟಿಗೆ ಅಲೆಯಬೇಕಲ್ಲ ಎಂದು ಸುಮ್ನೆ ಕಟ್ಟಿಬಿಡುವವರೇ ಜಾಸ್ತಿ. ತಾಲ್ಲೂಕು ಮಟ್ಟದಲ್ಲೇ ವಾರಕ್ಕೊಮ್ಮೆ ಇಂಥ ತಕರಾರು ಕೇಳಲು ಒಬ್ಬ ಅಧಿಕಾರಿ ಕೂತರೆ ಎಷ್ಟೋ ಜನರ ಸಿಟ್ಟು ಅಲ್ಲೇ ಇಳಿಯುತ್ತದೆ.

ನಮ್ಮೂರ ಶಾಲೆ ಎದುರು ಬೋರ್ಡೂ ಇಲ್ಲ, ತಪಾಸಣೆಯೂ ಇಲ್ಲ. ಯಾರನ್ನು ಕೇಳಬೇಕು?

ರಸ್ತೆ ಯಾರದ್ದು ಎಂದು ಮೊದಲು ತಿಳಿದುಕೊಳ್ಳಿ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಆದರೆ ಲೋಕೋಪಯೋಗಿ ಇಲಾಖೆ. ರಾಷ್ಟ್ರೀಯ ಹೆದ್ದಾರಿ ಆದರೆ ಅದರ ಹೆದ್ದಾರಿ ವಿಭಾಗ. ಹಳ್ಳಿ ರಸ್ತೆ ಆದರೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ. ಮನವಿಯ ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ, ಇನ್ನೊಂದನ್ನು ಪೊಲೀಸ್ ಠಾಣೆಗೆ ಕೊಡಿ. ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮತ್ತು ಗ್ರಾಮಸಭೆಯ ನಿರ್ಣಯ ಲಗತ್ತಿಸಿದರೆ ತೂಕ ಜಾಸ್ತಿ. ಬೆಳಿಗ್ಗೆ ಎಷ್ಟು ಮಕ್ಕಳು ರಸ್ತೆ ದಾಟುತ್ತಾರೆ, ಹಿಂದೆ ಎಲ್ಲೆಲ್ಲಿ ಅಪಘಾತ ಆಗಿದೆ ಎಂದು ಜಾಗದ ಗುರುತಿನ ಸಮೇತ ಬರೆಯಿರಿ. ಮೇ ತಿಂಗಳಲ್ಲೇ ಕೊಟ್ಟರೆ ಒಳ್ಳೆಯದು. ಜೂನ್‌ನಲ್ಲಿ ಮಳೆ ಹಿಡಿದರೆ ಬಣ್ಣ ಹೊಡೆಯುವ ಕೆಲಸ ದೀಪಾವಳಿಯವರೆಗೆ ಮುಂದೆ ಹೋಗುತ್ತದೆ, ಶಾಲೆ ಮಾತ್ರ ಅಷ್ಟರಲ್ಲಿ ಶುರುವಾಗಿರುತ್ತದೆ.